ದನದ ಡಾಕ್ಟರು ಬರುವ ತನಕ



ಯಲಬುರ್ಗಾ ತಾಲ್ಲೂಕಿನ ಒಂದು ಶಾಲೆಗೆ ನಾನು ಪ್ರಯೋಗದ ಪೆಟ್ಟಿಗೆ ತೆಗೆದುಕೊಂಡು ಹೋಗಿದ್ದ ದಿನ ಆರನೆಯ ತರಗತಿಯ ಒಬ್ಬ ಹುಡುಗ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದ. ಆಯಸ್ಕಾಂತ, ಮಸೂರ ಯಾವುದನ್ನೂ ಮುಟ್ಟಲಿಲ್ಲ. ಪಾಠ ಮುಗಿದ ಮೇಲೆ ಬಂದು ಕೇಳಿದ: "ಸರ್, ನಮ್ಮ ಆಕಳು ದಿನಾ ಜ್ವಾಳದ ಕಣಿಕೀನ ತಿಂತಿತ್ತು. ಮೊನ್ನೆ ಅದೇ ಜ್ವಾಳ ತಿಂದು ಯಾಕ ಸತ್ತಿತು?"

ನಡೆದದ್ದು ಇಷ್ಟು. ಜೋಳ ಕೊಯ್ಲಾಗಿ ಹೊಲ ಖಾಲಿಯಾಗಿತ್ತು. ಅಕಾಲದಲ್ಲಿ ಒಂದು ಮಳೆ ಬಿತ್ತು. ಹೊಲದಲ್ಲಿ ಉಳಿದಿದ್ದ ಕೂಳೆಯಿಂದ ಹಸಿರು ಚಿಗುರು ಎದ್ದಿತು. ಬೇಸಿಗೆಯಲ್ಲಿ ಹಸಿರು ಕಂಡರೆ ಆಕಳು ಬಿಟ್ಟೀತೇ? ಹಗ್ಗ ಕಿತ್ತುಕೊಂಡು ಹೋಗಿ ಹೊಟ್ಟೆ ತುಂಬ ಮೇಯಿತು. ಸ್ವಲ್ಪ ಹೊತ್ತಿಗೆ ಜೊಲ್ಲು ಸುರಿಸುತ್ತಾ, ಏದುಸಿರು ಬಿಡುತ್ತಾ, ತೂರಾಡುತ್ತಾ ನೆಲಕ್ಕೆ ಬಿತ್ತು. ಮನೆಯವರು ಹೊಟ್ಟೆ ಉಬ್ಬರಿಸಿರಬೇಕು ಎಂದುಕೊಂಡರು. ಬಿದ್ದ ಆಕಳ ಬಾಯಿಗೆ ಗೊಟ್ಟ ಇಟ್ಟು ಎಣ್ಣೆ ಹೊಯ್ದರು. ಡಾಕ್ಟರಿಗೆ ಫೋನ್ ಮಾಡಿದ್ದು ಅದಾದ ನಂತರ. ಅವರು ಬರುವಷ್ಟರಲ್ಲಿ ಆಕಳು ಸತ್ತಿತ್ತು. ಅದರ ಹಾಲನ್ನು ಡೇರಿಗೆ ಹಾಕಿ ಬಂದ ದುಡ್ಡಿನಲ್ಲೇ ಆ ಮನೆಯ ವಾರದ ಸಂತೆ ನಡೆಯುತ್ತಿತ್ತು.

ನಾನು ಓದಿದ್ದು ರಸಾಯನಶಾಸ್ತ್ರ. ದನದ ಡಾಕ್ಟರಲ್ಲ. ಆದರೆ ಹುಡುಗ ಕೇಳಿದ್ದು ರಸಾಯನಶಾಸ್ತ್ರದ ಪ್ರಶ್ನೆಯೇ. ಅದಕ್ಕೆ ಮೊದಲು ಉತ್ತರ ಹೇಳಿ, ಆಮೇಲೆ ನಿಮ್ಮ ಮನೆಯ ದನ, ಆಡು, ಕುರಿ, ನಾಯಿ, ಬೆಕ್ಕುಗಳಿಗೆ ಆಪತ್ತು ಬಂದಾಗ ಡಾಕ್ಟರು ಬರುವ ತನಕ ಏನು ಮಾಡಬಹುದು, ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ನೋಡೋಣ.

ಎಳೆ ಜೋಳದ ಒಳಗೆ ಏನಿದೆ?

ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣು ಉರಿಯುತ್ತದೆ. ಹೆಚ್ಚದೆ ಇಟ್ಟ ಉಳ್ಳಾಗಡ್ಡಿ ಪಕ್ಕದಲ್ಲಿ ಕುಳಿತರೆ ಉರಿಯುವುದಿಲ್ಲ. ಏಕೆ? ಉಳ್ಳಾಗಡ್ಡಿಯ ಜೀವಕೋಶದಲ್ಲಿ ಎರಡು ವಸ್ತುಗಳು ಬೇರೆ ಬೇರೆ ಜಾಗದಲ್ಲಿರುತ್ತವೆ. ಚಾಕು ತಾಗಿ ಕೋಶ ಒಡೆದಾಗ ಅವು ಸೇರುತ್ತವೆ. ಕಣ್ಣುರಿಸುವ ಅನಿಲ ಹುಟ್ಟುವುದು ಆಗ.

ಎಳೆ ಜೋಳದಲ್ಲೂ ಇಂಥದೇ ಏರ್ಪಾಡು ಇದೆ. ಅದರ ಎಲೆಯಲ್ಲಿ 'ಧುರ್ರಿನ್' ಎಂಬ ವಸ್ತು ಇರುತ್ತದೆ. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಅರಬ್ಬಿ ಭಾಷೆಯಲ್ಲಿ ಜೋಳಕ್ಕೆ 'ಧುರ್ರಾ' ಎನ್ನುತ್ತಾರೆ. ಹೆಸರು ಬಂದದ್ದು ಅಲ್ಲಿಂದ. ಈಜಿಪ್ಟಿನಲ್ಲೂ ಎಳೆ ಜೋಳ ಮೇದು ದನಗಳು ಸಾಯುತ್ತಿದ್ದವು. ಅಂದರೆ ಯಲಬುರ್ಗಾದ ಹುಡುಗನ ಪ್ರಶ್ನೆ ನೈಲ್ ನದಿಯ ದಂಡೆಯ ರೈತರ ಪ್ರಶ್ನೆಯೂ ಆಗಿತ್ತು!

ಧುರ್ರಿನ್ ತಾನೇ ತಾನಾಗಿ ಅಪಾಯಕಾರಿಯಲ್ಲ. ಆಕಳು ಎಲೆಯನ್ನು ಅಗಿದಾಗ ಜೀವಕೋಶಗಳು ಒಡೆಯುತ್ತವೆ. ಬೇರೆಡೆ ಇದ್ದ ಕಿಣ್ವವು ಧುರ್ರಿನ್ ಜೊತೆ ಸೇರುತ್ತದೆ. ಆಗ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷ ಬಿಡುಗಡೆಯಾಗುತ್ತದೆ. ಆಕಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೂ ಈ ಕೆಲಸಕ್ಕೆ ಕೈ ಜೋಡಿಸುತ್ತವೆ. ಮೆಲುಕು ಹಾಕುವ ಪ್ರಾಣಿಗಳಿಗೆ ಈ ಅಪಾಯ ಹೆಚ್ಚು ಎನ್ನುವುದಕ್ಕೆ ಅದೇ ಕಾರಣ.

ಸಯನೈಡ್ ದೇಹದಲ್ಲಿ ಏನು ಮಾಡುತ್ತದೆ? ಉಸಿರಾಡಿದ ಆಮ್ಲಜನಕ ರಕ್ತದ ಮೂಲಕ ಪ್ರತಿ ಜೀವಕೋಶಕ್ಕೂ ತಲುಪುತ್ತದಷ್ಟೆ. ಅದನ್ನು ಬಳಸಿಕೊಳ್ಳುವ ಕಿಣ್ವವನ್ನೇ ಸಯನೈಡ್ ಕಟ್ಟಿಹಾಕುತ್ತದೆ. ಊಟ ಬಡಿಸಿದೆ, ಆದರೆ ಕೈ ಕಟ್ಟಿದ್ದಾರೆ ಎಂದುಕೊಳ್ಳಿ. ಆಕಳು ಎಷ್ಟು ಉಸಿರಾಡಿದರೂ ಜೀವಕೋಶಗಳು ಉಸಿರುಗಟ್ಟುತ್ತವೆ. ಬಳಕೆಯಾಗದ ಆಮ್ಲಜನಕ ರಕ್ತದಲ್ಲೇ ಉಳಿಯುವುದರಿಂದ ಕಣ್ಣಿನ ಕೆಳರೆಪ್ಪೆಯ ಒಳಭಾಗ ಮೊದಮೊದಲು ಎದ್ದು ಕಾಣುವಂತೆ ಕೆಂಪಾಗಿರುತ್ತದೆ. ಹೆಚ್ಚು ಮೇದಿದ್ದರೆ ಹತ್ತು ಹದಿನೈದು ನಿಮಿಷಗಳಲ್ಲೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಇದಕ್ಕೆ ಮದ್ದು ಇದೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಎರಡು ಲವಣಗಳ ದ್ರಾವಣವನ್ನು ಡಾಕ್ಟರು ರಕ್ತನಾಳಕ್ಕೆ ಕೊಡುತ್ತಾರೆ. ಎರಡನೆಯದು ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಫಿಲಂ ತೊಳೆಯಲು ಬಳಸುತ್ತಿದ್ದ 'ಹೈಪೋ'. ನೈಟ್ರೈಟ್ ಸಯನೈಡನ್ನು ಕಿಣ್ವದಿಂದ ಬಿಡಿಸಿ ರಕ್ತದ ಕಡೆಗೆ ಸೆಳೆಯುತ್ತದೆ. ಹೈಪೋ ಅದನ್ನು ಅಷ್ಟೇನೂ ಅಪಾಯವಿಲ್ಲದ ಥಯೋಸಯನೇಟ್ ಆಗಿ ಮಾರ್ಪಡಿಸುತ್ತದೆ. ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಸಮಯಕ್ಕೆ ಸಿಕ್ಕರೆ, ಬಿದ್ದ ಆಕಳು ಎದ್ದು ನಿಲ್ಲುವುದನ್ನು ಕಣ್ಣಾರೆ ನೋಡಬಹುದು.

ಹಾಗಾದರೆ ಮನೆಯಲ್ಲಿ ಮಾಡುವ ಪ್ರಥಮ ಚಿಕಿತ್ಸೆ ಏನು? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ತುಂಬ ಕಡಿಮೆ. ದನಗಳನ್ನು ಆ ಹೊಲದಿಂದ ನಿಧಾನವಾಗಿ ಹೊರಗೆ ತರಬೇಕು, ಓಡಿಸಬಾರದು. ಆ ಕ್ಷಣವೇ ಫೋನ್ ಮಾಡಬೇಕು. "ಆಕಳಿಗೆ ಹುಷಾರಿಲ್ಲ" ಎಂದಲ್ಲ, "ಎಳೆ ಜೋಳ ಮೇದಿದೆ" ಎಂದು ಹೇಳಬೇಕು. ಆ ಮಾತು ಕೇಳಿದರೆ ಡಾಕ್ಟರು ಸರಿಯಾದ ಔಷಧಿಯನ್ನೇ ಜೊತೆಗೆ ತರುತ್ತಾರೆ. ಆ ಹುಡುಗನ ಮನೆಯಲ್ಲಿ ತಪ್ಪಿಹೋದದ್ದು ಈ ಫೋನ್ ಮತ್ತು ಈ ಒಂದು ಮಾತು.

ಮಳೆಯಿಲ್ಲದೆ ಬಾಡಿ ಕುಗ್ಗಿದ ಬೆಳೆ, ಮಳೆ ಬಿದ್ದ ಕೂಡಲೇ ಒಡೆದ ಚಿಗುರು, ಕೂಳೆಯ ಮರಿ, ಇವುಗಳಲ್ಲಿ ವಿಷ ಹೆಚ್ಚು. ನಮ್ಮದು ಮಳೆ ನಂಬಿದ ಸೀಮೆಯಾದ್ದರಿಂದ ಇದು ಬೇರೆಯವರಿಗಿಂತ ನಮಗೆ ಹೆಚ್ಚು ಸಂಬಂಧಿಸಿದ್ದು. ಬೆಳೆ ದೊಡ್ಡದಾಗಿ ಹೂ ಬಿಟ್ಟ ಮೇಲೆ ವಿಷದ ಅಂಶ ಬಹಳಷ್ಟು ಇಳಿಯುತ್ತದೆ. ಕೊಯ್ದು ಬಿಸಿಲಿಗೆ ಚೆನ್ನಾಗಿ ಒಣಗಿಸಿದಾಗ ಇನ್ನೂ ಇಳಿಯುತ್ತದೆ. ದಿನವೂ ತಿನ್ನುವ ಕಣಿಕೆ ಕೊಲ್ಲುವುದಿಲ್ಲ, ಹಸಿ ಚಿಗುರು ಕೊಲ್ಲುತ್ತದೆ ಎನ್ನುವುದರ ಗುಟ್ಟು ಇದೇ. ಹಸಿದ ದನ ಗಬಗಬನೆ ಮೇಯುವುದರಿಂದ ಅಪಾಯ ಮತ್ತಷ್ಟು ಹೆಚ್ಚು. ಅಂಥ ಹೊಲದ ಬದಿಯಲ್ಲಿ ಹೊಡೆದುಕೊಂಡು ಹೋಗುವುದಿದ್ದರೆ ಮೊದಲೇ ಒಂದಿಷ್ಟು ಒಣ ಮೇವು ಹಾಕಿ ಹೊರಡಬೇಕು.

ಎಡ ಪಕ್ಕೆಯ ಡೋಲು

ಹೊಟ್ಟೆ ಉಬ್ಬರ ಬೇರೆಯದೇ ತೊಂದರೆ. ಆಕಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ದೊಡ್ಡ ಆಕಳಲ್ಲಿ ಅದು ನೂರು ಲೀಟರಿಗೂ ಹೆಚ್ಚು ಹಿಡಿಸುತ್ತದೆ. ನಿಮ್ಮ ಮನೆಯ ನೀರಿನ ಕೊಡಗಳನ್ನು ಎಣಿಸಿ ನೋಡಿ, ಎಷ್ಟಾಗುತ್ತದೆ ತಿಳಿಯುತ್ತದೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸುತ್ತವೆ. ದೋಸೆ ಹಿಟ್ಟು ಹುಳಿಯುವಾಗ ಗುಳ್ಳೆ ಏಳುವಂತೆ ಅಲ್ಲಿಯೂ ಅನಿಲ ಹುಟ್ಟುತ್ತದೆ. ಆಕಳು ಅದನ್ನು ತೇಗಿ ಹೊರಗೆ ಬಿಡುತ್ತಲೇ ಇರುತ್ತದೆ. ತೇಗು ನಿಂತರೆ? ಆ ಕೋಣೆ ಉಬ್ಬಿ ಶ್ವಾಸಕೋಶವನ್ನು ಒತ್ತುತ್ತದೆ. ಆಕಳು ಉಸಿರು ಕಟ್ಟಿ ಸಾಯಬಹುದು.

ಮನೆಯಲ್ಲಿ ಸಾಧು ಆಕಳು ಇದ್ದರೆ ಹಿರಿಯರ ಜೊತೆ ಹೋಗಿ ಇದನ್ನು ಮಾಡಿ. ಅದರ ಎಡ ಪಕ್ಕದಲ್ಲಿ ನಿಲ್ಲಿ, ಹಿಂದೆ ನಿಲ್ಲಬೇಡಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಎಲುಬಿನ ಮುಂದೆ ಒಂದು ಗುಳಿ ಇದೆ. ಅಲ್ಲಿ ಅಂಗೈ ಒತ್ತಿ ಹಿಡಿಯಿರಿ. ನಿಮಿಷಕ್ಕೆ ಒಂದೆರಡು ಸಲ ಅಲೆಯೊಂದು ಕೈಯನ್ನು ಎತ್ತಿ ಇಳಿಸುತ್ತದೆ. ಅದು ಮೊದಲ ಹೊಟ್ಟೆ ಕಲೆಸುವ ಅಲೆ. ಆರೋಗ್ಯ ಇದ್ದಾಗಲೇ ಇದನ್ನು ಮುಟ್ಟಿ ತಿಳಿದವರಿಗೆ ಅನಾರೋಗ್ಯ ಬೇಗ ತಿಳಿಯುತ್ತದೆ. ಉಬ್ಬರವಾದಾಗ ಆ ಗುಳಿ ಮುಚ್ಚಿ, ಬೆನ್ನಿಗಿಂತ ಮೇಲೆ ಉಬ್ಬಿ, ತಟ್ಟಿದರೆ ಡೋಲಿನ ಶಬ್ದ ಬರುತ್ತದೆ.

ಆಗ ಆಕಳನ್ನು ಮಲಗಲು ಬಿಡಬಾರದು. ಮುಂಗಾಲು ಎತ್ತರದಲ್ಲಿ, ಹಿಂಗಾಲು ತಗ್ಗಿನಲ್ಲಿ ಇರುವಂತೆ ಇಳಿಜಾರಿನಲ್ಲಿ ನಿಲ್ಲಿಸಬೇಕು. ಅನಿಲ ಮೇಲಕ್ಕೆ, ಅಂದರೆ ಅನ್ನನಾಳದ ಬಾಯಿಯ ಕಡೆಗೆ ಬರಲು ಇದು ಸಹಾಯಕ. ಹಿರಿಯರು ಬೇವಿನ ಕಡ್ಡಿಯೊಂದನ್ನು ಬಾಯಿಗೆ ಅಡ್ಡವಾಗಿ ಕೊಟ್ಟು ಕೋಡಿಗೆ ಹಗ್ಗದಿಂದ ಕಟ್ಟುತ್ತಾರೆ. ಆಕಳು ಅದನ್ನು ಅಗಿಯುತ್ತಾ ಜೊಲ್ಲು ಸುರಿಸಿ ನುಂಗುತ್ತದೆ. ಜೊಲ್ಲಿನಲ್ಲಿ ಅಡುಗೆ ಸೋಡಾದ ಅಂಶ ಇದೆ. ಅದು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ, ಬಾಯಿ ಆಡಿದಂತೆ ತೇಗೂ ಬರುತ್ತದೆ. ಈ ಹಳೆಯ ಉಪಾಯವನ್ನು ಡಾಕ್ಟರರೂ ಒಪ್ಪುತ್ತಾರೆ.

ಎಣ್ಣೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಬಾಟಲಿ ತೆಗೆದುಕೊಳ್ಳಿ. ಎರಡಕ್ಕೂ ಅರ್ಧ ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಅಲುಗಾಡಿಸಿ. ನೊರೆ ತುಂಬುತ್ತದೆ. ಒಂದಕ್ಕೆ ಮಾತ್ರ ಒಂದು ಚಮಚ ಶೇಂಗಾ ಎಣ್ಣೆ ಹಾಕಿ ಮತ್ತೆ ಎರಡನ್ನೂ ಅಲುಗಾಡಿಸಿ ಇಡಿ. ಯಾವುದರ ನೊರೆ ಬೇಗ ಕುಸಿಯಿತು? ಹಸಿ ಕಾಳುಬೆಳೆಯ ಸೊಪ್ಪನ್ನು ಹೆಚ್ಚು ತಿಂದಾಗ ಹೊಟ್ಟೆಯೊಳಗೆ ಅನಿಲ ಹೀಗೆಯೇ ನೊರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನೊರೆಯನ್ನು ತೇಗಲು ಆಗುವುದಿಲ್ಲ. ಎಣ್ಣೆಯು ಗುಳ್ಳೆಗಳ ತೆಳು ಪೊರೆಯನ್ನು ಒಡೆಯುತ್ತದೆ. ಅದಕ್ಕೇ ದೊಡ್ಡ ಆಕಳಿಗೆ ಕಾಲು ಲೀಟರಿನಿಂದ ಅರ್ಧ ಲೀಟರ್, ಆಡು ಕುರಿಗೆ ಸುಮಾರು 50 ಮಿಲಿಲೀಟರ್ ಅಡುಗೆ ಎಣ್ಣೆ ಕುಡಿಸಲು ಡಾಕ್ಟರು ಫೋನಿನಲ್ಲಿ ಹೇಳುವುದುಂಟು.

ಆದರೆ ಕುಡಿಸುವ ಕ್ರಮ ತಪ್ಪಿದರೆ ಅದೇ ಎಣ್ಣೆ ಯಮನಾಗುತ್ತದೆ. ಗಂಟಲಿನಲ್ಲಿ ಎರಡು ದಾರಿಗಳಿವೆ, ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ತಲೆಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಹೊರಗೆಳೆದು ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನೀವು ಊಟ ಮಾಡುವಾಗ ಯಾರಾದರೂ ನಾಲಿಗೆ ಹಿಡಿದೆಳೆದರೆ ನುಂಗಲು ಆದೀತೇ? ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹಾಕಿ, ನುಂಗಿದ್ದನ್ನು ನೋಡಿ ಮುಂದಿನದು. ಕೆಮ್ಮಿದರೆ ಕೂಡಲೇ ನಿಲ್ಲಿಸಬೇಕು. ನೆಲಕ್ಕೆ ಬಿದ್ದ, ಎಚ್ಚರ ತಪ್ಪಿದ, ನಡುಗುತ್ತಿರುವ ಪ್ರಾಣಿಗೆ ಏನನ್ನೂ ಕುಡಿಸಬಾರದು. ನೀರನ್ನೂ ಕೂಡ. ಆ ಹುಡುಗನ ಆಕಳು ವಿಷದಿಂದ ಸತ್ತಿತೋ, ಎಣ್ಣೆ ಶ್ವಾಸಕೋಶಕ್ಕೆ ಹೋಗಿ ಸತ್ತಿತೋ ಹೇಳುವಂತಿಲ್ಲ. ಗೊಟ್ಟ ಹಿಡಿಯುವುದು ದೊಡ್ಡವರ ಕೆಲಸ, ನೀವು ಹಿಡಿಯಬೇಡಿ. ಈ ಪುಟವನ್ನು ಅವರಿಗೆ ಓದಿ ಹೇಳುವುದು ನಿಮ್ಮ ಕೆಲಸ. ಚಾಕು, ಸೂಜಿಯಿಂದ ಹೊಟ್ಟೆ ಚುಚ್ಚಿ ಗಾಳಿ ಬಿಡುವ ಸಾಹಸವೂ ಬೇಡ. ಡಾಕ್ಟರ ಬಳಿ ಅದಕ್ಕೇ ಆದ ಸಲಕರಣೆ ಇದೆ.

ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಕೈ ಹಾಕುವ ಮುನ್ನ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಆಕಳು ಜೊಲ್ಲು ಸುರಿಸುತ್ತಿದೆ. ನೀರು ಕುಡಿಯಲು ಹೋಗುತ್ತದೆ, ನುಂಗಲು ಆಗುತ್ತಿಲ್ಲ. ದನಿ ಒಡೆದಂತೆ ಮತ್ತೆ ಮತ್ತೆ ಕೂಗುತ್ತಿದೆ. ನೋಡಿದವರು ಏನೆನ್ನುತ್ತಾರೆ? "ಗಂಟಲಾಗ ಏನೋ ಸಿಕ್ಕೈತಿ, ಕೈ ಹಾಕಿ ನೋಡ್ರಿ." ಮೆಕ್ಕೆಜೋಳದ ತೆನೆ, ಮಾವಿನ ಗೊರಟೆ, ಗೆಡ್ಡೆ ಸಿಕ್ಕಿಕೊಳ್ಳುವುದು ನಿಜವೇ. ಆದರೆ ಇದೇ ಲಕ್ಷಣಗಳು ರೇಬೀಸ್, ಅಂದರೆ ಹುಚ್ಚುನಾಯಿ ರೋಗದಲ್ಲೂ ಕಾಣುತ್ತವೆ. ಹುಚ್ಚು ನಾಯಿ ಆಕಳನ್ನು ಎಂದೋ ಕಚ್ಚಿರುತ್ತದೆ, ಯಾರೂ ನೋಡಿರುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದು ರೋಗ ಹೊರಬೀಳುತ್ತದೆ. ಆ ಜೊಲ್ಲಿನಲ್ಲಿ ವೈರಸ್ ತುಂಬಿರುತ್ತದೆ. ಕೈಯಲ್ಲಿ ಒಂದು ಸಣ್ಣ ಗೀರು ಇದ್ದರೂ ಅದು ಒಳಗೆ ಹೋಗಲು ಸಾಕು.

ಮನುಷ್ಯರಲ್ಲಿ ರೇಬೀಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದರೆ ಲಕ್ಷಣ ಬರುವ ಮುಂಚೆ ಲಸಿಕೆ ತೆಗೆದುಕೊಂಡರೆ ರೋಗ ಬರದಂತೆ ತಡೆಯಬಹುದು. 1885ರಲ್ಲಿ ಲೂಯಿ ಪಾಶ್ಚರ್ ಹುಚ್ಚು ನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಉಳಿಸಿದರು. ಅಷ್ಟು ಹಿಂದೆಯೇ ದಾರಿ ಸಿಕ್ಕಿದ್ದರೂ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59 ಸಾವಿರ ಜನ ಈ ರೋಗದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನಿಮ್ಮ ವಯಸ್ಸಿನವರು ಬಹಳ.

ಆದ್ದರಿಂದ ಜೊಲ್ಲು ಸುರಿಸುವ, ನುಂಗಲಾರದ ಯಾವ ಪ್ರಾಣಿಯ ಬಾಯಿಗೂ ಕೈ ಹಾಕಬಾರದು, ಯಾರಿಗೂ ಹಾಕಲು ಬಿಡಬಾರದು. ದೂರದಲ್ಲಿ ಗಟ್ಟಿಯಾಗಿ ಕಟ್ಟಿ, ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಂಡು ಡಾಕ್ಟರನ್ನು ಕರೆಯಬೇಕು. ಈಗಾಗಲೇ ಯಾರಾದರೂ ಕೈ ಹಾಕಿದ್ದರೆ, ಅಥವಾ ನಾಯಿ, ಬೆಕ್ಕು, ಮಂಗ ಕಚ್ಚಿದ್ದರೆ, ಆ ಜಾಗವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಅಂದರೆ ನಿಜವಾಗಿ ಗಡಿಯಾರ ನೋಡಿ. ಈ ವೈರಸ್ಸಿನ ಮೈಮೇಲೆ ಕೊಬ್ಬಿನ ಪೊರೆ ಇದೆ, ಸಾಬೂನು ಅದನ್ನು ಕರಗಿಸುತ್ತದೆ. ಸುಣ್ಣ, ಖಾರದಪುಡಿ, ಕಾಫಿಪುಡಿ ಮೆತ್ತಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಲಸಿಕೆಗೆ ದುಡ್ಡು ಕೊಡಬೇಕಿಲ್ಲ. ಕೊನೆಯ ಚುಚ್ಚುಮದ್ದಿನವರೆಗೂ ಬಿಡದೆ ಹೋಗಬೇಕು. ಅಪ್ಪ ಬೈಯುತ್ತಾರೆಂದು ನಾಯಿ ಕಚ್ಚಿದ್ದನ್ನು ಮುಚ್ಚಿಡುವ ಮಕ್ಕಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಮುಚ್ಚಿಡಬೇಡಿ.

ನಿಮ್ಮದೇ ನಾಯಿ ಬೈಕಿಗೆ ಸಿಕ್ಕಿ ಗಾಯಗೊಂಡಿದ್ದರೂ ಅವಸರದಲ್ಲಿ ಅಪ್ಪಿಕೊಳ್ಳಬೇಡಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಅದರ ತಪ್ಪಲ್ಲ, ಅದಕ್ಕೆ ಗೊತ್ತಾಗುವುದಿಲ್ಲ. ದೊಡ್ಡವರು ಮೃದುವಾದ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಸಡಿಲವಾಗಿ ಸುತ್ತಿ ಕಿವಿಯ ಹಿಂದೆ ಗಂಟು ಹಾಕಬಹುದು. ವಾಂತಿ ಮಾಡುತ್ತಿದ್ದರೆ, ಉಸಿರಾಡಲು ಒದ್ದಾಡುತ್ತಿದ್ದರೆ ಮಾತ್ರ ಮೂತಿ ಕಟ್ಟಬಾರದು. ಗೋಣಿಚೀಲವನ್ನು ಪಕ್ಕದಲ್ಲಿ ಹಾಸಿ, ಮೆಲ್ಲಗೆ ಅದರ ಮೇಲೆ ಸರಿಸಿ, ನಾಲ್ಕು ತುದಿ ಹಿಡಿದು ಒಯ್ಯಬೇಕು.

ರಕ್ತ, ಮುರಿತ, ಹಾವು

ರಕ್ತ ಸುರಿಯುತ್ತಿದ್ದರೆ ಮಡಚಿದ ಶುಭ್ರ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿಯಬೇಕು. ಐದರಿಂದ ಹತ್ತು ನಿಮಿಷ ತೆಗೆದು ನೋಡಬಾರದು. ನೋಡುವ ಆತುರದಲ್ಲಿ ಬಟ್ಟೆ ಎತ್ತಿದರೆ ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು. ಮಣ್ಣು, ಸಗಣಿ, ಬೂದಿ ಮೆತ್ತುವುದು ಬೇಡ. ಮಣ್ಣು ಮತ್ತು ಸಗಣಿಯಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಗಳು ವರ್ಷಗಟ್ಟಲೆ ಬದುಕಿರುತ್ತವೆ. ಸೀಮೆಎಣ್ಣೆ, ಇಂಜಿನ್ ಆಯಿಲ್ ಚರ್ಮವನ್ನು ಸುಡುತ್ತವೆ. ಬೇಸಿಗೆ, ಮಳೆಗಾಲ ಯಾವುದೇ ಇರಲಿ, ಗಾಯವನ್ನು ಉಪ್ಪು ಬೆರೆಸಿ ಕುದಿಸಿ ಆರಿಸಿದ ನೀರಿನಿಂದ ತೊಳೆದು ನೊಣ ಕೂರದಂತೆ ಮುಚ್ಚಿಡಿ. ನೊಣ ಮೊಟ್ಟೆ ಇಟ್ಟ ಒಂದು ದಿನದೊಳಗೇ ಹುಳ ಆಗುತ್ತದೆ.

ಆಡಿನ ಮರಿಯ ಕಾಲು ಮುರಿದರೆ ಕುರಿಗಾರರು ಬಿದಿರಿನ ಸೀಳು ಕಟ್ಟುವುದನ್ನು ನೋಡಿರಬಹುದು. ಕೆಂಗುರಿ ಹಿಂಡುಗಳ ಹಿಂದೆ ಊರೂರು ಅಲೆಯುವ ಇವರ ಕೈ ಪಳಗಿದ್ದು. ಎರಡು ಮಾತು ಮಾತ್ರ ಸೇರಿಸುತ್ತೇನೆ. ಬಿದಿರಿನ ಕೆಳಗೆ ಹತ್ತಿಯೋ ಬಟ್ಟೆಯೋ ಇರಬೇಕು, ಸೀಳುಗಳು ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಕೀಲನ್ನು ದಾಟಿರಬೇಕು. ಕಟ್ಟು ಬಿಗಿಯಾದರೆ ಗೊರಸಿನ ಮೇಲ್ಭಾಗ ತಣ್ಣಗಾಗಿ ಊದಿಕೊಳ್ಳುತ್ತದೆ, ಆಗ ಸಡಿಲಿಸಬೇಕು. ತೊಡೆಯ ಎಲುಬು ಮುರಿದಿದ್ದರೆ, ಎಲುಬು ಹೊರಗೆ ಕಾಣುತ್ತಿದ್ದರೆ ಮನೆಯಲ್ಲಿ ಕಟ್ಟಲು ಹೋಗಬೇಡಿ.

ಮೇಯುವಾಗ ದನಕ್ಕೆ ಹಾವು ಕಚ್ಚುವುದು ಸಾಮಾನ್ಯವಾಗಿ ಮೂತಿಗೆ ಇಲ್ಲವೇ ಕಾಲಿಗೆ. ಮೂತಿ ಊದಿ ಉಸಿರು ಕಟ್ಟುವ ಮುನ್ನ ಮೂಗುದಾಣ, ಮುಖದ ಹಗ್ಗ ಎಲ್ಲವನ್ನೂ ಬಿಚ್ಚಬೇಕು, ಕುತ್ತಿಗೆಯ ಹಗ್ಗವೂ ಸಡಿಲವಿರಲಿ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಸುಡುವುದು ಬೇಡ. ನಡೆಸಬಾರದು, ಓಡಿಸಬಾರದು. ಸ್ನಾಯು ಆಡಿದಷ್ಟೂ ವಿಷ ಬೇಗ ಹರಡುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮ ದೇಶದಲ್ಲಿ ಒಂದೇ ಪ್ರತಿವಿಷ ಬಳಸುತ್ತಾರೆ. ಹಾಗಾಗಿ ಯಾವ ಹಾವೆಂದು ತೋರಿಸಲು ಅದರ ಹಿಂದೆ ಬಿದ್ದು ಕೊಲ್ಲುವ ಅಗತ್ಯ ಇಲ್ಲ. ಹಾಗೆ ಹೋದವರೇ ಕಚ್ಚಿಸಿಕೊಂಡದ್ದುಂಟು.

ಮುಟ್ಟುವ ಮೊದಲು ನಿಂತು ನೋಡಿ

ಬೋರ್‌ವೆಲ್ ಮೋಟರಿನ ಬಳಿ, ಹರಿದ ತಂತಿಯ ಬಳಿ ದನ ಬಿದ್ದು ಒದ್ದಾಡುತ್ತಿದ್ದರೆ ಓಡಿಹೋಗಿ ಮುಟ್ಟಬೇಡಿ. ಮೊದಲು ಕರೆಂಟ್ ತೆಗೆಸಬೇಕು. ಮೇಲಿನ ದೊಡ್ಡ ಲೈನ್ ಹರಿದಿದ್ದರೆ ಹತ್ತಿರವೂ ಹೋಗದೆ, ಲೈನ್‌ಮನ್‌ಗೆ ತಿಳಿಸಿ, ಯಾರೂ ಹೋಗದಂತೆ ತಡೆಯಿರಿ.

ಔಷಧಿ ಹೊಡೆದ ಹೊಲದ ಮೇವು, ಔಷಧಿ ಕಲೆಸಿದ ಬಕೆಟ್ಟಿನ ನೀರು ಇನ್ನೊಂದು ಅಪಾಯ. ಹಲವು ಕೀಟನಾಶಕಗಳ ವಿಷದಲ್ಲಿ ಜೊಲ್ಲು, ಕಣ್ಣೀರು, ನಡುಕ, ಭೇದಿ ಒಟ್ಟಿಗೆ ಬರುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಮೈಮೇಲೆ ಔಷಧಿ ಬಿದ್ದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡ ದೊಡ್ಡವರು ಸಾಬೂನು ನೀರಿನಿಂದ ತೊಳೆಯಬೇಕು. ಆ ಬಾಟಲಿಯನ್ನು ಎಸೆಯಬೇಡಿ, ಚೀಟಿ ಸಮೇತ ಡಾಕ್ಟರಿಗೆ ತೋರಿಸಿ. ಯಾವ ವಿಷ ಎಂದು ಬಾಟಲಿಯೇ ಹೇಳುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಉಷ್ಣತೆ 40 ಡಿಗ್ರಿ ದಾಟುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುವುದೇ ಅದರ ಫ್ಯಾನು. ಎಮ್ಮೆಗೆ ಬೆವರಿನ ಗ್ರಂಥಿ ಕಡಿಮೆ, ಮೇಲಾಗಿ ಕಪ್ಪು ಚರ್ಮ. ಕೋಳಿ ಬೆವರುವುದೇ ಇಲ್ಲ. ಬಿಸಿಲು ಬಡಿದ ಪ್ರಾಣಿಯನ್ನು ನೆರಳಿಗೆ ತಂದು, ಹೊಟ್ಟೆ, ಕಾಲು, ತೊಡೆಯ ಸಂದುಗಳಿಗೆ ತಣ್ಣೀರು ಹಾಕಿ ಗಾಳಿ ಬೀಸಬೇಕು. ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ. ಕುಡಿಯಲು ನೀರು ಮುಂದಿಡಿ, ಬಾಯಿಗೆ ಸುರಿಯಬೇಡಿ. ಅಂದಹಾಗೆ, ಆಡಿನ ಮೈ ಮುಟ್ಟಿ ಬೆಚ್ಚಗಿದೆ ಎಂದು ಜ್ವರ ಎಂದುಕೊಳ್ಳಬೇಡಿ. ನಮ್ಮ ಮೈಶಾಖ 37 ಡಿಗ್ರಿಯಾದರೆ ಆಕಳದು ಸುಮಾರು 38.5, ಆಡಿನದು 39ರ ಆಸುಪಾಸು, ಕೋಳಿಯದು 41ಕ್ಕೂ ಹೆಚ್ಚು. ನಮ್ಮ ಜ್ವರದ ಮಾತ್ರೆಯನ್ನು ಪ್ರಾಣಿಗಳಿಗೆ ಕೊಡುವುದೂ ಬೇಡ. ಪ್ಯಾರಾಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದು ಮಾತ್ರೆಯೂ ಅದನ್ನು ಕೊಲ್ಲಬಲ್ಲದು.

ನಿನ್ನೆಯವರೆಗೆ ಚೆನ್ನಾಗಿದ್ದ ಕುರಿಯೋ ದನವೋ ಏಕಾಏಕಿ ಸತ್ತು, ಮೂಗು ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ನೆರಡಿ ರೋಗ ಇರಬಹುದು. ಅದು ಮನುಷ್ಯರಿಗೂ ತಗಲುತ್ತದೆ. ಮುಟ್ಟಬಾರದು, ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸ ಹಂಚಬಾರದು. ಡಾಕ್ಟರು ಬಂದು ಹೇಳುವ ತನಕ ನಾಯಿ ಕಾಗೆ ಬಾರದಂತೆ ಕಾಯಬೇಕು.

ಇಷ್ಟೆಲ್ಲ ಬೇಡ ಬೇಡ ಎಂದದ್ದಾಯಿತು. ಒಂದು ಬೇಕು ಕೂಡ ಇದೆ. ಆಗತಾನೇ ಹುಟ್ಟಿದ ಆಡಿನ ಮರಿ ಉಸಿರಾಡದೆ ಮಲಗಿದ್ದಾಗ ಒಬ್ಬ ಅಜ್ಜಿ ಮಾಡಿದ್ದನ್ನು ನೋಡಿದ್ದೇನೆ. ಮೂಗು ಬಾಯಿಯ ಲೋಳೆಯನ್ನು ಸೆರಗಿನಿಂದ ಒರೆಸಿದಳು. ಒಣ ಗೋಣಿಚೀಲದಿಂದ ಪಕ್ಕೆಯನ್ನು ಗಸಗಸ ಉಜ್ಜಿದಳು. ಒಂದು ಹುಲ್ಲುಕಡ್ಡಿಯನ್ನು ಮೂಗಿನ ಹೊಳ್ಳೆಯಲ್ಲಿ ಮೆಲ್ಲಗೆ ಆಡಿಸಿದಳು. ಮರಿ ಸೀನಿತು! ಸೀನಿದರೆ ಶ್ವಾಸಕೋಶ ತೆರೆಯಿತೆಂದೇ ಅರ್ಥ. ಯಾವ ಪುಸ್ತಕದಲ್ಲಿ ಓದಿದ್ದೀ ಎಂದು ಕೇಳಿದ್ದಕ್ಕೆ ಅಜ್ಜಿ, "ಹುಚ್ಚಪ್ಪಾ, ಇದಕ್ಕೂ ಪುಸ್ತಕ ಬೇಕೇನೋ?" ಎಂದು ನಕ್ಕಳು. ಪಶುವೈದ್ಯರೂ ಹೀಗೆಯೇ ಮಾಡುತ್ತಾರೆ. ನಂತರ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನು ಫೋನಿನ ವಿಚಾರ. 1962 ಎಂಬ ನಾಲ್ಕಂಕಿಯ ಸಂಖ್ಯೆಗೆ ದುಡ್ಡಿಲ್ಲದೆ ಕರೆ ಮಾಡಬಹುದು. ಕರ್ನಾಟಕದಲ್ಲಿ 2022ರಿಂದ 'ಪಶು ಸಂಜೀವಿನಿ' ಎಂಬ ಸಂಚಾರಿ ಚಿಕಿತ್ಸಾ ವಾಹನಗಳು ಈ ಕರೆಗೆ ಬರುತ್ತವೆ. ನಿಮ್ಮ ಊರಿಗೆ ಹತ್ತಿರದ ದನದ ದವಾಖಾನೆಯ ಸಂಖ್ಯೆಯನ್ನೂ ಇಂದೇ ಕೇಳಿ ತಿಳಿದು, ಎರಡನ್ನೂ ಗೋದಲಿಯ ಮೇಲಿನ ಗೋಡೆಗೆ ಇದ್ದಿಲಿನಿಂದ ದೊಡ್ಡದಾಗಿ ಬರೆಯಿರಿ. ದೊಡ್ಡವರು ಗಾಬರಿಯಲ್ಲಿದ್ದಾಗ ಫೋನಿನಲ್ಲಿ ಮಾತಾಡುವ ಕೆಲಸ ಎಷ್ಟೋ ಮನೆಗಳಲ್ಲಿ ಶಾಲೆಗೆ ಹೋಗುವ ಮಗುವಿಗೇ ಬೀಳುತ್ತದೆ. ಆಗ ಯಾವ ಪ್ರಾಣಿ, ಎಷ್ಟು ವಯಸ್ಸು, ಗಬ್ಬವಾಗಿದೆಯೇ, ಏನು ತಿಂದಿತು, ಎಷ್ಟು ಹೊತ್ತಾಯಿತು, ಈಗ ನಿಂತಿದೆಯೋ ಮಲಗಿದೆಯೋ, ಮನೆಯಲ್ಲಿ ಏನಾದರೂ ಕುಡಿಸಿದ್ದೀರೋ ಎಂಬುದನ್ನು ಹೇಳಿ. ಕುಡಿಸಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಊರಿನ ಹೆಸರಿನ ಜೊತೆಗೆ ಹೊಲದ ಗುರುತನ್ನೂ ಹೇಳಿ, ಹಳ್ಳ ದಾಟಿದ ಮೇಲಿನ ಬೇವಿನ ಮರವೋ, ಗುಡಿಯ ಹಿಂದಿನ ದಾರಿಯೋ, ಇರುವ ಹಾಗೆ. ಆಮೇಲೆ ಒಬ್ಬರು ಬ್ಯಾಟರಿ ಹಿಡಿದು ದಾರಿಯ ತಿರುವಿನಲ್ಲಿ ನಿಂತಿರಿ. ಕತ್ತಲಲ್ಲಿ ಹೊಲದ ದಾರಿ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.